ಕತ್ತಿನೊಳಗಿನ ಗ್ರಂಥಿ, ತಲೆಯೊಳಗಿನ ಕೂಗು

ಟಿಎಸ್‌ಎಚ್: 9.8. ಲ್ಯಾಬ್ ವರದಿಯಲ್ಲಿ ಈ ಅಂಕಿ ದಪ್ಪಕ್ಷರದಲ್ಲಿ ಬಂದ ಕೂಡಲೇ ‘ಥೈರಾಯ್ಡ್ ಜಾಸ್ತಿ ಆಗಿದೆಯಂತೆ’ ಎಂಬ ಮಾತು ಮನೆತುಂಬ ಓಡಾಡುತ್ತದೆ. ಸಂಗತಿ ಇದಕ್ಕೆ ತೀರ ವಿರುದ್ಧ. ಥೈರಾಯ್ಡ್ ಗ್ರಂಥಿ ಸೋಲುತ್ತಿದೆ, ಕೊಡಬೇಕಾದಷ್ಟು ಹಾರ್ಮೋನನ್ನು ಅದು ಕೊಡುತ್ತಿಲ್ಲ ಎಂದು ಆ ಅಂಕಿ ಹೇಳುತ್ತಿದೆ. ಟಿಎಸ್‌ಎಚ್ ಥೈರಾಯ್ಡಿನಿಂದ ಬರುವ ಹಾರ್ಮೋನೇ ಅಲ್ಲ. ಮಿದುಳಿನ ತಳದಲ್ಲಿ, ಮೂಳೆಯ ಸಣ್ಣ ಗುಳಿಯೊಂದರಲ್ಲಿ ಕೂತಿರುವ, ಸುಮಾರು ಅರ್ಧ ಗ್ರಾಂ ತೂಗುವ ಪಿಟ್ಯುಟರಿ ಗ್ರಂಥಿ ಅದನ್ನು ತಯಾರಿಸುತ್ತದೆ. ಥೈರಾಯ್ಡನ್ನು ಕೆಲಸಕ್ಕೆ ಹಚ್ಚಲು ಅಲ್ಲಿಂದ ಹೊರಡುವ ಆಜ್ಞೆ ಅದು.

ಗದ್ದೆಯ ಆಚೆ ತುದಿಯಲ್ಲಿರುವವರನ್ನು ಬದುವಿನ ಮೇಲೆ ನಿಂತು ಕರೆಯುವುದನ್ನು ನೆನೆಸಿಕೊಳ್ಳಿ. ಓಗೊಟ್ಟರೆ ಕರೆದವರು ಸುಮ್ಮನಾಗುತ್ತಾರೆ. ಓಗೊಡದಿದ್ದರೆ ಮತ್ತೆ ಕೂಗುತ್ತಾರೆ, ಇನ್ನೂ ಗಟ್ಟಿಯಾಗಿ. ಪಿಟ್ಯುಟರಿ ಮಾಡುವುದೂ ಇಷ್ಟೇ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಸಾಕಷ್ಟಿದ್ದರೆ ಅದು ಟಿಎಸ್‌ಎಚ್ ತಗ್ಗಿಸುತ್ತದೆ, ಕಡಿಮೆಯಾದರೆ ಏರಿಸುತ್ತದೆ. ಈ ಕೂಗು ಎಷ್ಟು ಸೂಕ್ಷ್ಮವೆಂದರೆ, ಹಾರ್ಮೋನು ಅರ್ಧಕ್ಕಿಳಿದರೆ ಟಿಎಸ್‌ಎಚ್ ನೂರು ಪಟ್ಟಿನವರೆಗೂ ಏರಬಲ್ಲದು. ಥೈರಾಯ್ಡಿನ ಹಾರ್ಮೋನು ಇನ್ನೂ ‘ನಾರ್ಮಲ್’ ಅಂಚಿನೊಳಗೇ ಇರುವಾಗಲೂ ಟಿಎಸ್‌ಎಚ್ ಮೇಲೇರಿರುವುದು ಇದರಿಂದಲೇ. ವೈದ್ಯರು ಮೊದಲು ಈ ಪರೀಕ್ಷೆಯನ್ನೇ ಬರೆದುಕೊಡುವುದೂ ಇದಕ್ಕಾಗಿಯೇ. ಪಿಟ್ಯುಟರಿಗೂ ಮೇಲೊಬ್ಬರಿದ್ದಾರೆ: ಮಿದುಳಿನ ಹೈಪೊಥಲಾಮಸ್. ಅಲ್ಲಿಂದ ಟಿಆರ್‌ಎಚ್ ಎಂಬ, ಬರೀ ಮೂರು ಅಮೈನೊ ಆಮ್ಲಗಳ ಪುಟ್ಟ ಹಾರ್ಮೋನು ಪಿಟ್ಯುಟರಿಗೆ ಇಳಿಯುತ್ತದೆ. ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್, ಅಂಡಾಶಯದ ಈಸ್ಟ್ರೊಜನ್, ವೃಷಣದ ಟೆಸ್ಟೊಸ್ಟೆರಾನ್ ಇವೆಲ್ಲವೂ ಇಂಥದೇ ಮೂರು ಮೆಟ್ಟಿಲಿನ ಹತೋಟಿಯಲ್ಲಿವೆ. ಒಂದನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಉಳಿದವುಗಳ ದಾರಿಯೂ ಕಾಣುತ್ತದೆ. ಅದಕ್ಕೇ ಈ ಲೇಖನ ಥೈರಾಯ್ಡ್ ಒಂದನ್ನೇ ಹಿಡಿದುಕೊಂಡಿದೆ.

ದೇಹದ ಒಂದು ಭಾಗ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ನರಗಳ ಮೂಲಕ ಮಾತ್ರ ಎಂದು ನಂಬಿದ್ದ ಕಾಲವೊಂದಿತ್ತು. 1902ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯೊಂದರ ಸಣ್ಣಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲ ಬಿಟ್ಟರು. ನರವಿಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಕರುಳಿನ ಒಳಪೊರೆಯನ್ನು ಕೆರೆದು, ಆಮ್ಲದಲ್ಲಿ ಅರೆದು, ಸೋಸಿ ರಕ್ತಕ್ಕೆ ಸೇರಿಸಿದಾಗಲೂ ಹಾಗೆಯೇ ಆಯಿತು. ಸುದ್ದಿ ರಕ್ತದಲ್ಲಿ ಹರಿಯುತ್ತಿತ್ತು! ಆ ವಸ್ತುವಿಗೆ ಅವರು ಸೀಕ್ರೆಟಿನ್ ಎಂದು ಹೆಸರಿಟ್ಟರು. ಇಂಥ ರಾಸಾಯನಿಕ ದೂತರಿಗೆಲ್ಲ ಸಲ್ಲುವ ಹೆಸರಾಗಿ ‘ಹಾರ್ಮೋನ್’ ಎಂಬುದನ್ನು ಸ್ಟಾರ್ಲಿಂಗ್ 1905ರ ಉಪನ್ಯಾಸದಲ್ಲಿ ಬಳಸಿದರು. ಬೆವರು, ಜೊಲ್ಲಿನ ಗ್ರಂಥಿಗಳಿಗೆ ನಾಳವಿದೆ. ಹಾರ್ಮೋನು ಸುರಿಸುವ ಗ್ರಂಥಿಗಳಿಗೆ ನಾಳವಿಲ್ಲ, ಅವು ತಮ್ಮ ಸರಕನ್ನು ನೇರವಾಗಿ ರಕ್ತಕ್ಕೇ ಬಿಡುತ್ತವೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅವು ನಿರ್ನಾಳ ಗ್ರಂಥಿಗಳು.

ಥೈರಾಯ್ಡ್ ಇರುವುದು ಕತ್ತಿನ ಮುಂಭಾಗದಲ್ಲಿ, ಶ್ವಾಸನಾಳವನ್ನು ಎರಡೂ ಕಡೆಯಿಂದ ತಬ್ಬಿಕೊಂಡು. ತೂಕ 15–20 ಗ್ರಾಂ. ಅದಕ್ಕೆ ಬೇಕಾದ ಕಚ್ಚಾವಸ್ತು ಅಯೋಡಿನ್. ದೊಡ್ಡವರಿಗೆ ದಿನಕ್ಕೆ 150 ಮೈಕ್ರೊಗ್ರಾಂ ಸಾಕು. 70 ವರ್ಷ ಬಾಳಿದವರ ಇಡೀ ಜೀವಮಾನದ ಲೆಕ್ಕ ಹಾಕಿದರೂ ಒಂದು ಟೀ ಚಮಚ ತುಂಬುವುದಿಲ್ಲ. ಆ ಅಯೋಡಿನ್ನಿನ ನಾಲ್ಕು ಪರಮಾಣು ಸೇರಿದ್ದು ಟಿ4, ಮೂರು ಸೇರಿದ್ದು ಟಿ3. ಗ್ರಂಥಿ ಹೆಚ್ಚಾಗಿ ಕೊಡುವುದು ಟಿ4. ಅದು ಪಿತ್ತಜನಕಾಂಗ, ಮೂತ್ರಪಿಂಡ ಮುಂತಾದೆಡೆ ಒಂದು ಪರಮಾಣುವನ್ನು ಕಳೆದುಕೊಂಡು ಟಿ3 ಆಗುತ್ತದೆ. ನಿಜವಾದ ಕೆಲಸಗಾರ ಈ ಟಿ3. ಅಡ್ರಿನಲಿನ್, ಇನ್ಸುಲಿನ್‌ಗಳು ಜೀವಕೋಶದ ಹೊರಪೊರೆಯ ಮೇಲಿನ ಗ್ರಾಹಕಕ್ಕೆ ಅಂಟಿಕೊಂಡು ಹೊರಗಿನಿಂದಲೇ ಕೆಲಸ ಮಾಡಿಸಿದರೆ, ಟಿ3 ಕೋಶಕೇಂದ್ರದವರೆಗೂ ಹೋಗಿ ಡಿಎನ್‌ಎ ಮೇಲಿನ ಗ್ರಾಹಕವನ್ನು ಹಿಡಿಯುತ್ತದೆ. ಯಾವ ಜೀನ್ ಕೆಲಸಕ್ಕೆ ತೊಡಗಬೇಕು, ಯಾವುದು ಸುಮ್ಮನಿರಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ.

ಇದರ ಬಲವನ್ನು ಕಣ್ಣಾರೆ ಕಾಣಬೇಕಾದರೆ ಗೊದಮೊಟ್ಟೆಗಳ ಕಡೆ ನೋಡಬೇಕು. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಪ್ರಾಣಿಗಳ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿದರು. ಅವು ಇನ್ನೂ ಬೆಳೆಯಬೇಕಾದ ವಯಸ್ಸಿನಲ್ಲೇ ಬಾಲ ಕರಗಿಸಿಕೊಂಡು, ಕಾಲು ಮೂಡಿಸಿಕೊಂಡು, ಕಿರಿದಾದ ಕಪ್ಪೆಗಳಾಗಿಬಿಟ್ಟವು. ಥೈರಾಯ್ಡ್ ತೆಗೆದುಹಾಕಿದ ಗೊದಮೊಟ್ಟೆಗಳಾದರೋ ಕಪ್ಪೆಗಳಾಗದೆ ಗೊದಮೊಟ್ಟೆಗಳಾಗಿಯೇ ದೊಡ್ಡದಾಗುತ್ತ ಹೋಗುತ್ತವೆ. ಬಾಲದ ಕೋಶಕ್ಕೆ ಸಾಯಲು ಹೇಳಿದ್ದೂ ಕಾಲಿನ ಕೋಶಕ್ಕೆ ಬೆಳೆಯಲು ಹೇಳಿದ್ದೂ ಒಂದೇ ಹಾರ್ಮೋನು. ನನ್ನ ಮಟ್ಟಿಗೆ ಇಡೀ ಶರೀರವಿಜ್ಞಾನದಲ್ಲಿ ಇದಕ್ಕಿಂತ ಬೆರಗಿನ ಪ್ರಯೋಗ ಸಿಗುವುದು ಕಷ್ಟ. ಹಾರ್ಮೋನಿನಲ್ಲಿರುವುದು ಸಂದೇಶ ಮಾತ್ರ. ಅದಕ್ಕೆ ಅರ್ಥ ಕೊಡುವುದು ಅದನ್ನು ಪಡೆಯುವ ಕೋಶ. ಮನುಷ್ಯರಲ್ಲಿ ಅದೇ ಹಾರ್ಮೋನು ಮಗುವಿನ ಮಿದುಳನ್ನು, ಮೂಳೆಗಳನ್ನು ಬೆಳೆಸುತ್ತದೆ. ದೊಡ್ಡವರಲ್ಲಿ ಮೈಯ ಬಿಸಿ, ಹೃದಯದ ಬಡಿತ, ಕರುಳಿನ ಚಲನೆಗಳ ವೇಗವನ್ನು ಕಾಯುತ್ತದೆ.

ಥೈರಾಯ್ಡ್ ಇಲ್ಲದೆ ಬದುಕಿದರೆ ಏನಾಗುತ್ತದೆ ಎಂಬುದನ್ನು ಜಗತ್ತು ಕಲಿತದ್ದು ರೋಗಿಗಳು ತೆತ್ತ ಬೆಲೆಯಿಂದ. ಸ್ವಿಟ್ಜರ್ಲೆಂಡಿನ ಬೆಟ್ಟಸೀಮೆಯಲ್ಲಿ ಗಳಗಂಡ ಮನೆಮನೆಯ ಕಾಯಿಲೆಯಾಗಿತ್ತು. ಬರ್ನ್ ನಗರದ ಥಿಯೊಡೋರ್ ಕೋಖರ್ ಉಬ್ಬಿದ ಗ್ರಂಥಿಯನ್ನು ಪೂರ್ತಿ ತೆಗೆಯುವುದರಲ್ಲಿ ಪಳಗಿದ ಶಸ್ತ್ರವೈದ್ಯರು. ತಾವು ಚಿಕಿತ್ಸೆ ಮಾಡಿದವರನ್ನು ವರ್ಷಗಳ ನಂತರ ಮತ್ತೆ ಕರೆಸಿ ನೋಡಿದಾಗ, ಗ್ರಂಥಿ ಪೂರ್ತಿ ಹೋದವರಲ್ಲಿ ಬಹುಪಾಲು ಜನರ ಮುಖ ಊದಿತ್ತು, ಮಾತು ಮಂದವಾಗಿತ್ತು, ಮಕ್ಕಳ ಬೆಳವಣಿಗೆ ನಿಂತಿತ್ತು. 1883ರಲ್ಲಿ ಅವರು ಇದನ್ನು ಮುಚ್ಚಿಡದೆ ಪ್ರಕಟಿಸಿದರು. 1909ರಲ್ಲಿ ಅವರಿಗೆ ನೊಬೆಲ್ ಬಂತು. ಆ ಕಾಲದಲ್ಲಿ ತನ್ನ ಕೈಯಿಂದಾದ ಹಾನಿಯನ್ನು ಹೀಗೆ ಲೆಕ್ಕಹಾಕಿ ಲೋಕದ ಮುಂದಿಟ್ಟದ್ದು ಆ ಪ್ರಶಸ್ತಿಗಿಂತ ದೊಡ್ಡದೆಂದೇ ನನಗೆ ಕಾಣುತ್ತದೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರಿ ಎಂಬ ಯುವ ವೈದ್ಯರು ಕುರಿಯ ಥೈರಾಯ್ಡ್ ಸಾರವನ್ನು 46 ವರ್ಷದ ಮಹಿಳೆಯೊಬ್ಬರಿಗೆ ಚುಚ್ಚಿದರು. ಊದಿ ಜಡವಾಗಿದ್ದ ಆಕೆ ಚೇತರಿಸಿಕೊಂಡು, ಇನ್ನೂ 28 ವರ್ಷ ಬದುಕಿದರು. ಅದಕ್ಕಾಗಿ ನೂರಾರು ಕುರಿಗಳ ಗ್ರಂಥಿ ಬೇಕಾಯಿತು. ಇಂದು ಅದೇ ಕೆಲಸವನ್ನು ಪ್ರಯೋಗಾಲಯದಲ್ಲಿ ತಯಾರಾದ ಲಿವೊಥೈರಾಕ್ಸಿನ್ ಮಾತ್ರೆ ಮಾಡುತ್ತದೆ.

ಗಳಗಂಡದಲ್ಲಿ ಗ್ರಂಥಿ ಉಬ್ಬುವುದಕ್ಕೆ ಕಾರಣವೂ ಆ ಕೂಗೇ. ಅಯೋಡಿನ್ ಇಲ್ಲದೆ ಹಾರ್ಮೋನು ತಯಾರಾಗುವುದಿಲ್ಲ, ಟಿಎಸ್‌ಎಚ್ ಏರುತ್ತದೆ, ಅದರ ಒತ್ತಡಕ್ಕೆ ಗ್ರಂಥಿ ಬೆಳೆಯುತ್ತಲೇ ಹೋಗುತ್ತದೆ. ಮಳೆ, ಹಿಮ, ಪ್ರವಾಹಗಳು ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋದ ಕಡೆಯೆಲ್ಲ ಈ ಕಾಯಿಲೆ ಕಾಣಿಸುತ್ತದೆ. ಹಿಮಾಲಯದ ತಪ್ಪಲು ಇದಕ್ಕೆ ಹೆಸರಾಗಿತ್ತು. ನಮ್ಮ ಚಿಕ್ಕಮಗಳೂರು, ಕೊಡಗಿನಲ್ಲೂ ಇತ್ತು. 1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ಡಾ ಕಣಿವೆಯನ್ನು ಮೂರು ವಲಯ ಮಾಡಿದರು. ಎರಡಕ್ಕೆ ಅಯೋಡಿನ್ ಬೆರೆತ ಉಪ್ಪು, ಒಂದಕ್ಕೆ ಸಾದಾ ಉಪ್ಪು. ಐದಾರು ವರ್ಷ ಕಳೆಯುವಷ್ಟರಲ್ಲಿ ಅಯೋಡಿನ್ ಉಪ್ಪು ತಿಂದ ಮಕ್ಕಳಲ್ಲಿ ಗಳಗಂಡ ಸುಮಾರು ಅರ್ಧಕ್ಕೆ ಇಳಿದಿತ್ತು. ಸಾದಾ ಉಪ್ಪಿನ ವಲಯದಲ್ಲಿ ಇಳಿದಿರಲಿಲ್ಲ. ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ 1962ರಲ್ಲಿ ಶುರುವಾಯಿತು. ನಾವು ಅಂಗಡಿಯಿಂದ ತರುವ ಉಪ್ಪಿನ ಪೊಟ್ಟಣದ ಹಿಂದಿರುವುದು ಈ ಕಣಿವೆಯ ಮಕ್ಕಳ ಕತ್ತು.

ಅದಕ್ಕೇ ಈಚಿನ ಹೊಸ ಗೀಳು ಕಂಡರೆ ಸಂಕಟವಾಗುತ್ತದೆ. ‘ನೈಸರ್ಗಿಕ’ ಎಂದು ನಂಬಿ ಸೈಂಧವ ಲವಣಕ್ಕೆ, ಅಯೋಡಿನ್ ಬೆರೆಸದ ಕಲ್ಲುಪ್ಪಿಗೆ ಪೂರ್ತಿ ಬದಲಾದ ಮನೆಗಳಿವೆ. ಅವುಗಳಲ್ಲಿ ಅಯೋಡಿನ್ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ನಿಯಮದ ಪ್ರಕಾರ ಅಯೋಡಿನ್ ಉಪ್ಪಿನಲ್ಲಿ ಮನೆ ಮುಟ್ಟುವಾಗ ಕನಿಷ್ಠ 15 ಪಿಪಿಎಂ, ಅಂದರೆ ಗ್ರಾಂಗೆ 15 ಮೈಕ್ರೊಗ್ರಾಂ, ಅಯೋಡಿನ್ ಇರಬೇಕು. 30 ಪಿಪಿಎಂ ಇರುವ ಉಪ್ಪು ದಿನಕ್ಕೆ 5 ಗ್ರಾಂ ತಿಂದರೂ 150 ಮೈಕ್ರೊಗ್ರಾಂ ಸಿಗುತ್ತದೆ; ರಕ್ತದೊತ್ತಡಕ್ಕಾಗಿ ಉಪ್ಪು ಕಡಿಮೆ ಮಾಡಿದವರಿಗೂ ದಾರಿಯಿದೆ. ಪೊಟ್ಟಣವನ್ನು ಒಲೆಯ ಪಕ್ಕದಲ್ಲಿ, ತೇವದಲ್ಲಿ ತೆರೆದಿಟ್ಟರೆ ಅಯೋಡಿನ್ ಕಳೆದುಹೋಗುತ್ತದೆ. ಮುಚ್ಚಳವಿರುವ ಡಬ್ಬಿ ಸಾಕು.

ಅಯೋಡಿನ್ ಸಾಕಷ್ಟು ಸಿಗುವ ಕಡೆ ಥೈರಾಯ್ಡ್ ಸೋಲಲು ಮುಖ್ಯ ಕಾರಣ ಬೇರೆ. ದೇಹದ ರೋಗನಿರೋಧಕ ಪಡೆಯೇ ಗ್ರಂಥಿಯ ಮೇಲೆ ತಿರುಗಿಬೀಳುತ್ತದೆ. ಜಪಾನಿನ ಹಕಾರು ಹಾಶಿಮೊಟೊ 1912ರಲ್ಲಿ ವಿವರಿಸಿದ ಈ ಕಾಯಿಲೆಗೆ ಅವರದೇ ಹೆಸರಿದೆ. ಗಂಡಸರಿಗಿಂತ ಹೆಂಗಸರಿಗೆ ಇದು ಹಲವು ಪಟ್ಟು ಹೆಚ್ಚು. ಸುಸ್ತು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಕೂದಲು ಉದುರುವುದು, ಮುಟ್ಟಿನಲ್ಲಿ ವಿಪರೀತ ಸ್ರಾವ, ಮರೆವು, ಒಡೆದ ದನಿ. ಒಂದೊಂದೂ ಬಿಡಿಯಾಗಿ ಬರುವುದರಿಂದ ಮನೆಯವರು ಅದನ್ನು ವಯಸ್ಸಿನ ಮೇಲೋ ಸೋಮಾರಿತನದ ಮೇಲೋ ಹಾಕಿಬಿಡುತ್ತಾರೆ. ದಿನವಿಡೀ ದುಡಿದು ಬಳಲಿದ ಹೆಣ್ಣಿಗೆ ಸೋಮಾರಿ ಎನ್ನುವ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸುವುದು ನ್ಯಾಯ. ಇದರ ತದ್ವಿರುದ್ಧವಾದ ಗ್ರೇವ್ಸ್ ಕಾಯಿಲೆಯಲ್ಲಿ ಪ್ರತಿಕಾಯಗಳು ಟಿಎಸ್‌ಎಚ್‌ನ ವೇಷ ಹಾಕಿ ಗ್ರಂಥಿಯನ್ನು ಎಡೆಬಿಡದೆ ಕೆಲಸಕ್ಕೆ ಹಚ್ಚುತ್ತವೆ. ಹಾರ್ಮೋನು ಏರಿ, ಪಿಟ್ಯುಟರಿ ಮೌನವಾಗಿ, ಟಿಎಸ್‌ಎಚ್ ನೆಲ ಕಚ್ಚುತ್ತದೆ. ಪಿಟ್ಯುಟರಿಯೇ ಕೆಟ್ಟಿದ್ದರೆ ಕೂಗುವವರೇ ಇಲ್ಲ. ಆಗ ಟಿಎಸ್‌ಎಚ್ ಒಂದನ್ನೇ ನೋಡಿದರೆ ಮೋಸಹೋಗುತ್ತೇವೆ, ಟಿ4 ಅನ್ನೂ ನೋಡಲೇಬೇಕು.

ಮಾತ್ರೆಯ ವಿಚಾರದಲ್ಲಿ ನಮ್ಮವರ ದೊಡ್ಡ ಅಡ್ಡಿ ಬೆಳಗಿನ ಕಾಫಿ. ಲಿವೊಥೈರಾಕ್ಸಿನ್ ಕರುಳಿನಿಂದ ಸರಿಯಾಗಿ ಹೀರಿಕೆಯಾಗಬೇಕಾದರೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು, ಕಾಫಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಟಿ4 ರಕ್ತದಲ್ಲಿ ಅರ್ಧದಷ್ಟಾಗಲು ಸುಮಾರು ಏಳು ದಿನ ಹಿಡಿಯುತ್ತದೆ. ಹೀಗಾಗಿ ಡೋಸ್ ಬದಲಿಸಿದ ಮರುವಾರವೇ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ಆರರಿಂದ ಎಂಟು ವಾರ ಕಾಯಬೇಕು. ವರದಿ ನಾರ್ಮಲ್ ಬಂತೆಂದು ಮಾತ್ರೆ ಬಿಡುವವರೂ ಇದ್ದಾರೆ. ನಾರ್ಮಲ್ ಆದದ್ದು ಮಾತ್ರೆಯಿಂದ. ಬಿಡುವ, ಬದಲಿಸುವ ಮಾತು ವೈದ್ಯರದ್ದಾಗಿರಲಿ.

ಗರ್ಭಿಣಿಯರ ವಿಷಯದಲ್ಲಿ ಕಾಯಲು ಸಮಯವೇ ಇಲ್ಲ. ಹೊಟ್ಟೆಯಲ್ಲಿರುವ ಮಗುವಿನ ಥೈರಾಯ್ಡ್ ಮೊದಲ ಮೂರು ತಿಂಗಳು ಕೈಗೆ ಬಂದಿರುವುದಿಲ್ಲ. ಅಷ್ಟು ದಿನ ಅದರ ಮಿದುಳು ಬೆಳೆಯುವುದು ತಾಯಿಯ ಟಿ4 ಮೇಲೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಗರ್ಭ ನಿಂತಿದೆಯೆಂದು ತಿಳಿದ ಕೂಡಲೇ ವೈದ್ಯರಿಗೆ ಹೇಳಬೇಕು, ಡೋಸ್ ಹೆಚ್ಚಿಸಬೇಕಾಗಿ ಬರುವುದು ಸಾಮಾನ್ಯ.

ಇನ್ನು ಹುಟ್ಟಿದ ಮಗು. ನಮ್ಮ ದೇಶದಲ್ಲಿ ಸುಮಾರು ಸಾವಿರ ಶಿಶುಗಳಲ್ಲಿ ಒಂದು, ಥೈರಾಯ್ಡ್ ಇಲ್ಲದೆಯೋ ಕೆಲಸ ಮಾಡದ ಥೈರಾಯ್ಡಿನೊಂದಿಗೋ ಹುಟ್ಟುತ್ತದೆ. ನೋಡಲು ಅದು ಇತರ ಮಕ್ಕಳಂತೆಯೇ ಇರುತ್ತದೆ, ಏಕೆಂದರೆ ತಾಯಿಯ ಹಾರ್ಮೋನು ಇನ್ನೂ ಅದರ ಮೈಯಲ್ಲಿದೆ. ಲಕ್ಷಣ ಕಾಣಿಸಿಕೊಳ್ಳುವ ಹೊತ್ತಿಗೆ ಮಿದುಳಿಗೆ ಆದ ನಷ್ಟ ತುಂಬಿಕೊಡಲಾಗದು. ಹುಟ್ಟಿದ ಮೊದಲ ಎರಡು ವಾರದಲ್ಲಿ ಮಾತ್ರೆ ಶುರುವಾದರೆ ಆ ಮಗು ಎಲ್ಲರಂತೆ ಬೆಳೆದು, ಓದಿ, ಬಾಳುತ್ತದೆ. ಪತ್ತೆಗೆ ಬೇಕಾದದ್ದು ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತ. ಹುಟ್ಟಿದ ತಕ್ಷಣ ಹೊರಗಿನ ಚಳಿಗೆ ಎಲ್ಲ ಮಕ್ಕಳಲ್ಲೂ ಟಿಎಸ್‌ಎಚ್ ಒಮ್ಮೆ ಜಿಗಿಯುವುದರಿಂದ 48 ಗಂಟೆ ಕಳೆದ ಮೇಲೆ ತೆಗೆದರೆ ಫಲಿತಾಂಶ ನಂಬಬಹುದು. ಹೆರಿಗೆಯಾದ ಮನೆಯವರಲ್ಲಿ, ಅಜ್ಜಿ ತಾತಂದಿರಲ್ಲಿ ಒಂದು ವಿನಂತಿ: ಬಾಣಂತಿಯನ್ನು ಆಸ್ಪತ್ರೆಯಿಂದ ಕರೆತರುವ ಮುಂಚೆ ‘ಮಗುವಿನ ಟಿಎಸ್‌ಎಚ್ ಪರೀಕ್ಷೆ ಆಯಿತೇ?’ ಎಂದು ಕೇಳಿ. ಆಗಿಲ್ಲವೆಂದರೆ ಮಾಡಿಸಿ, ವರದಿ ಕೈಗೆ ಬರುವವರೆಗೂ ಬಿಡಬೇಡಿ.