ಪಿಎಫ್ ಲಾಗಿನ್ ಯಾರ ಕೈಯಲ್ಲಿ?

ನೌಕರರ ಸಂಬಳದಲ್ಲಿ ಹಿಡಿದ ಪಿಎಫ್, ಇಎಸ್‌ಐ, ಟಿಡಿಎಸ್ ಹಣ
ಸರ್ಕಾರಕ್ಕೆ ತಲುಪದಿದ್ದರೆ ಹೊಣೆ ಯಾರದು?

ಕಾನೂನಿನ ಪ್ರಕಾರ, ಮಾಲೀಕರದೇ.
ಲೆಕ್ಕ ನೋಡುವ ಕನ್ಸಲ್ಟೆಂಟ್ ಯಾರೇ ಇರಲಿ.

ಟಿಡಿಎಸ್ ಕಟ್ಟಬೇಕಾದ್ದು ಮುಂದಿನ ತಿಂಗಳ 7ರೊಳಗೆ.
ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30.
ಪಿಎಫ್, ಇಎಸ್‌ಐ ಎರಡಕ್ಕೂ 15.
ಕರ್ನಾಟಕದ ವೃತ್ತಿ ತೆರಿಗೆಗೆ 20.

ಎಡವಟ್ಟು ಶುರುವಾಗುವುದು ತಾರೀಕಿನಲ್ಲಲ್ಲ, ಲಾಗಿನ್‌ನಲ್ಲಿ.
ಎಷ್ಟೋ ಬೇಕರಿ, ಗ್ಯಾರೇಜ್, ಗಾರ್ಮೆಂಟ್ ಘಟಕಗಳ ಪಾಸ್‌ವರ್ಡ್
ಕನ್ಸಲ್ಟೆಂಟ್ ಬಳಿಯೇ ಇರುತ್ತದೆ.
ಓಟಿಪಿ ಅವರ ಮೊಬೈಲ್‌ಗೆ.
ಇಲಾಖೆಯ ನೋಟಿಸ್ ಅವರ ಇಮೇಲ್‌ಗೆ.
ಗಲ್ಲಾಪೆಟ್ಟಿಗೆಯ ಕೀಲಿ ಕೊಟ್ಟು
ಒಳಗೆಷ್ಟಿದೆ ಅಂತ ಕೇಳದೇ ಕೂತ ಹಾಗೆ.

ಚಲನ್ ತುಂಬುವ ಕೆಲಸ ಕನ್ಸಲ್ಟೆಂಟ್ ಮಾಡಲಿ, ಅಡ್ಡಿಯಿಲ್ಲ.
ಆದರೆ ನೋಂದಾಯಿತ ಮೊಬೈಲ್, ಇಮೇಲ್ ಮಾಲೀಕರದೇ ಇರಬೇಕು.
ಹಣವೂ ಅಷ್ಟೇ:
ಅಂಗಡಿಯ ಖಾತೆಯಿಂದ ನೇರ ಸರ್ಕಾರಕ್ಕೆ.
ನಡುವೆ ಇನ್ನೊಬ್ಬರ ಖಾತೆ ಬೇಡವೇ ಬೇಡ.

ಚಲನ್ ತಯಾರಾದರೆ ಹಣ ಕಟ್ಟಿದಂತಲ್ಲ.
ಪಿಎಫ್ ಚಲನ್ ಮೇಲೆ ಟಿಆರ್‌ಆರ್‌ಎನ್ ಎಂಬ ಸಂಖ್ಯೆ ಇರುತ್ತದೆ.
ಇಪಿಎಫ್‌ಒ ಪೋರ್ಟಲ್‌ನಲ್ಲಿ ಅದನ್ನು ಹಾಕಿದರೆ
ಪಾವತಿಯ ಸ್ಥಿತಿ ಗೊತ್ತಾಗುತ್ತದೆ.
ತಿಂಗಳಿಗೊಮ್ಮೆ, ಎರಡು ನಿಮಿಷದ ಕೆಲಸ.

ತಡವಾದರೆ ಬಡ್ಡಿ, ದಂಡ ಎರಡೂ ಬೀಳುತ್ತವೆ.
ಪಾಸ್‌ಬುಕ್‌ನಲ್ಲಿ ಜಮೆ ಕಾಣದ ನೌಕರರು
ಮೊದಲು ಬಂದು ಕೇಳುವುದೂ ಮಾಲೀಕರನ್ನೇ.