ಬ್ರನ್ಸನ್ ಬಿಟ್ಟುಕೊಟ್ಟ ಹನ್ನೊಂದು ಕೋಟಿ

2024ರ ಜುಲೈನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ನ್ಯೂಯಾರ್ಕ್ ನಿಕ್ಸ್ ತಂಡದ ಪಾಯಿಂಟ್ ಗಾರ್ಡ್ ಜೇಲನ್ ಬ್ರನ್ಸನ್ ಎದುರು ಎರಡು ದಾರಿಗಳಿದ್ದವು. ಒಂದು ವರ್ಷ ಸುಮ್ಮನೆ ಕಾದಿದ್ದರೆ ಐದು ವರ್ಷಗಳಿಗೆ ಸುಮಾರು 26.9 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಬಹುದಿತ್ತು. ಕೂಡಲೇ ಸಹಿ ಹಾಕುವುದಾದರೆ ನಾಲ್ಕು ವರ್ಷಗಳಿಗೆ 15.65 ಕೋಟಿ. ಬ್ರನ್ಸನ್ ಕಾಯಲಿಲ್ಲ. ಒಂದೇ ಸಹಿಯಲ್ಲಿ ಸುಮಾರು 11.3 ಕೋಟಿ ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಒಂಬೈನೂರು ಕೋಟಿ ರೂಪಾಯಿಗೂ ಹೆಚ್ಚು, ಕೈಬಿಟ್ಟರು.

ಇವರು ಹುಟ್ಟಿನಿಂದಲೇ ತಾರೆ ಎನಿಸಿಕೊಂಡವರಲ್ಲ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2018ರಲ್ಲಿ, ಮೂವತ್ತೆರಡು ಹುಡುಗರ ಹೆಸರು ಕೂಗಿದ ಮೇಲೆ, ಎರಡನೇ ಸುತ್ತಿನಲ್ಲಿ ಇವರ ಸರದಿ ಬಂದಿತ್ತು. ಎತ್ತರ ಆರು ಅಡಿ ಎರಡು ಇಂಚು. ಎನ್‌ಬಿಎ ಅಂಗಳದಲ್ಲಿ ಅದು ಗಿಡ್ಡವೇ. ಡಲ್ಲಾಸ್‌ನಲ್ಲಿ ನಾಲ್ಕು ವರ್ಷ ಆಡಿ 2022ರಲ್ಲಿ ನ್ಯೂಯಾರ್ಕಿಗೆ ಬಂದರು. ಬಂದು ಸೇರಿದ ತಂಡ ಅದಕ್ಕೂ ಮೊದಲು ಕೊನೆಯ ಸಲ ಚಾಂಪಿಯನ್ ಆದದ್ದು 1973ರಲ್ಲಿ. ಅಂಥ ತಂಡದ ನಾಯಕ ತನ್ನ ಪಾಲಿನ ಹಣ ಬಿಟ್ಟುಕೊಟ್ಟದ್ದೇಕೆ?

ಉತ್ತರ ಸಿಗಬೇಕಾದರೆ ಈ ಲೀಗ್‌ನ ದುಡ್ಡಿನ ಕಟ್ಟುಪಾಡು ಸ್ವಲ್ಪ ತಿಳಿದಿರಬೇಕು. ಐಪಿಎಲ್ ಹರಾಜು ನೋಡುವವರಿಗೆಲ್ಲ 'ಪರ್ಸ್' ಗೊತ್ತು: ಮಾಲೀಕ ಎಷ್ಟೇ ಸಿರಿವಂತನಾದರೂ ಇಂತಿಷ್ಟಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಎನ್‌ಬಿಎಯಲ್ಲಿ ಅದಕ್ಕೆ ಸ್ಯಾಲರಿ ಕ್ಯಾಪ್ ಎನ್ನುತ್ತಾರೆ. 1984-85ರಲ್ಲಿ ಅದು ಜಾರಿಗೆ ಬಂದಾಗ ಒಂದು ತಂಡದ ಮಿತಿ 36 ಲಕ್ಷ ಡಾಲರ್. 2025-26ಕ್ಕೆ ಅದು 15.46 ಕೋಟಿ. ಆದರೆ ಪರ್ಸ್ ಗಟ್ಟಿ ಗೋಡೆಯಾದರೆ ಇದು ಬೇಲಿ, ಅಲ್ಲಲ್ಲಿ ದಾರಿ ಬಿಟ್ಟಿದ್ದಾರೆ. ತಂಡದಲ್ಲಿ ಈಗಾಗಲೇ ಇರುವ ಆಟಗಾರನನ್ನು ಉಳಿಸಿಕೊಳ್ಳಲು ಮಿತಿ ದಾಟಬಹುದು. ಬಾಸ್ಟನ್‌ನ ಲ್ಯಾರಿ ಬರ್ಡ್ ಹೆಸರಿನಲ್ಲಿ ಅದನ್ನು ಇಂದಿಗೂ 'ಬರ್ಡ್ ಹಕ್ಕು' ಎಂದೇ ಕರೆಯುತ್ತಾರೆ. ಅದಕ್ಕೂ ಮೇಲೆ ಹೋದರೆ ಲಕ್ಷುರಿ ಟ್ಯಾಕ್ಸ್.

ಹಿಂದೆ ದೊಡ್ಡ ಊರಿನ ದೊಡ್ಡ ಮಾಲೀಕರು ಆ ತೆರಿಗೆ ಕಟ್ಟಿ ನೆಮ್ಮದಿಯಾಗಿದ್ದರು. 2023ರಲ್ಲಿ ಮಾಲೀಕರಿಗೂ ಆಟಗಾರರ ಸಂಘಕ್ಕೂ ಆದ ಹೊಸ ಒಪ್ಪಂದ ಆ ದಾರಿಗೂ ಮುಳ್ಳು ಹಾಕಿತು. 'ಎರಡನೇ ಏಪ್ರನ್' ಎಂಬ ಗೆರೆಯೊಂದು ಬಂತು. 2025-26ಕ್ಕೆ ಅದು 20.78 ಕೋಟಿ ಡಾಲರ್. ಆ ಗೆರೆ ದಾಟಿದ ತಂಡಕ್ಕೆ ದಂಡವಷ್ಟೇ ಅಲ್ಲ, ಕೈಕಾಲನ್ನೇ ಕಟ್ಟಿಹಾಕುತ್ತಾರೆ. ಇಬ್ಬರು ಆಟಗಾರರ ಸಂಬಳ ಕೂಡಿಸಿ ಅವರಿಗೆ ಬದಲಾಗಿ ದೊಡ್ಡ ಆಟಗಾರನೊಬ್ಬನನ್ನು ತರುವಂತಿಲ್ಲ, ವಿನಿಮಯದಲ್ಲಿ ನಗದು ಕೊಡುವಂತಿಲ್ಲ, ಏಳು ವರ್ಷ ಮುಂದಿನ ಡ್ರಾಫ್ಟ್ ಆಯ್ಕೆಯನ್ನೂ ಮುಟ್ಟುವಂತಿಲ್ಲ.

ಇಂಥ ಲೆಕ್ಕದಲ್ಲಿ ನಾಯಕ ಬಿಟ್ಟುಕೊಟ್ಟ ಹಣ ಮಾಲೀಕನಿಗೆ ಉಳಿತಾಯವಾಗಿ ಮುಗಿಯುವುದಿಲ್ಲ, ತಂಡದಲ್ಲಿ ಇನ್ನೊಬ್ಬನಿಗೆ ಜಾಗವಾಗುತ್ತದೆ. ನಿಕ್ಸ್ ಆ ಬೇಸಿಗೆಯಲ್ಲಿ ಒಜಿ ಅನುನೋಬಿಯನ್ನು ಐದು ವರ್ಷಗಳಿಗೆ 21 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಉಳಿಸಿಕೊಂಡಿತ್ತು. ಬ್ರನ್ಸನ್ ಜತೆ ವಿಲನೋವಾ ಕಾಲೇಜಿನಲ್ಲಿ ಆಡಿದ್ದ ಮಿಕಾಲ್ ಬ್ರಿಜಸ್ ಅವರನ್ನು ಬ್ರೂಕ್ಲಿನ್‌ನಿಂದ ತಂದಿತ್ತು. ಋತು ಶುರುವಾಗುವ ಹೊತ್ತಿಗೆ ಮಿನ್ನೆಸೋಟದಿಂದ ಕಾರ್ಲ್-ಆಂಥನಿ ಟೌನ್ಸ್ ಬಂದರು. 2025-26ರಲ್ಲಿ ಬ್ರನ್ಸನ್ ಪಡೆದ ಸಂಬಳ ಸುಮಾರು 3.49 ಕೋಟಿ, ಕಾದಿದ್ದರೆ 4.6 ಕೋಟಿ ದಾಟುತ್ತಿತ್ತು. ಆ ಒಂದು ಕೋಟಿ ಚಿಲ್ಲರೆಯ ವ್ಯತ್ಯಾಸದಲ್ಲಿ ಒಳ್ಳೆಯ ಆಟಗಾರನೊಬ್ಬ ತಂಡದಲ್ಲಿ ಉಳಿಯಬಹುದು, ಇಲ್ಲವೇ ಹೊರಟುಹೋಗಬಹುದು.

ಹೊರಟುಹೋದದ್ದಕ್ಕೆ ಬಾಸ್ಟನ್ ಸಾಕ್ಷಿ. 2024ರ ಚಾಂಪಿಯನ್ ಸೆಲ್ಟಿಕ್ಸ್ ತಂಡದ ಜೇಸನ್ ಟೇಟಮ್ ಮತ್ತು ಜೇಲನ್ ಬ್ರೌನ್ ಇಬ್ಬರೂ ತಲಾ ಸುಮಾರು 30 ಕೋಟಿ ಡಾಲರ್‌ಗಳ ಒಪ್ಪಂದಗಳಿಗೆ ಸಹಿ ಹಾಕಿದ್ದರು. ಮರುವರ್ಷವೇ ಏಪ್ರನ್‌ನ ಬಿಗಿಗೆ ಸಿಕ್ಕಿ ತಂಡ ಡ್ರೂ ಹಾಲಿಡೇ ಮತ್ತು ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಇಬ್ಬರನ್ನೂ ಕಳುಹಿಸಿಬಿಡಬೇಕಾಯಿತು.

ಹಾಗೆಂದು ಟೇಟಮ್ ಅವರನ್ನು ದೂರುವುದು ಅನ್ಯಾಯ. 2025ರ ಮೇ 12ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇದೇ ನಿಕ್ಸ್ ಎದುರು ಪ್ಲೇಆಫ್ ಪಂದ್ಯ ನಡೆಯುತ್ತಿತ್ತು. ಟೇಟಮ್ ಆಗಲೇ 42 ಅಂಕ ಗಳಿಸಿದ್ದರು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದವು. ಕೈತಪ್ಪಿದ ಚೆಂಡಿಗಾಗಿ ಮುನ್ನುಗ್ಗಲು ಬಲಗಾಲು ಊರಿದರು, ಅಷ್ಟೇ. ಯಾರೂ ತಳ್ಳಿರಲಿಲ್ಲ. ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜು ಹರಿದಿತ್ತು. ನೆಲದಲ್ಲಿ ಕಾಲು ಹಿಡಿದು ನರಳಿದ ಅವರನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದರು. ಇಂಥ ಗಾಯದಿಂದ ಆಟಗಾರ ಮೊದಲಿನಂತಾಗಲು ವರ್ಷಗಳೇ ಹಿಡಿಯಬಹುದು. ಕೆಲವರು ಆಗುವುದೇ ಇಲ್ಲ. ದೇಹವೇ ಬಂಡವಾಳವಾದವನು ಸಿಗುವಾಗಲೇ ಸಿಕ್ಕಷ್ಟು ಪಡೆಯುವುದನ್ನು ದುರಾಸೆ ಎನ್ನಲು ನಾಲಗೆ ಏಳಬಾರದು. ಅದೇ ಅಂಗಳದಲ್ಲಿ ಆ ರಾತ್ರಿ 39 ಅಂಕ ಗಳಿಸಿದವರು ಬ್ರನ್ಸನ್. ಅವರು ಕೂಡಲೇ ಸಹಿ ಹಾಕಿದ್ದರಲ್ಲೂ ಈ ಭಯದ ಪಾಲು ಇದ್ದೀತು. ಕಾಯುವ ಒಂದು ವರ್ಷದಲ್ಲಿ ಕಾಲು ಕೈಕೊಟ್ಟರೆ 26.9 ಕೋಟಿ ಕನಸಾಗಿಯೇ ಉಳಿಯುತ್ತಿತ್ತು.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. 'ಗರಿಷ್ಠ ಸಂಬಳ' ಎಂಬುದೇ ಒಂದು ಕಡಿತ. 1997-98ರಲ್ಲಿ ಶಿಕಾಗೊ ಬುಲ್ಸ್ ಮೈಕಲ್ ಜೋರ್ಡನ್ ಒಬ್ಬರಿಗೇ 3.31 ಕೋಟಿ ಡಾಲರ್ ಕೊಟ್ಟಿತು. ಆ ವರ್ಷ ಇಡೀ ತಂಡದ ಸ್ಯಾಲರಿ ಕ್ಯಾಪ್ ಇದ್ದದ್ದು 2.69 ಕೋಟಿ! ಬೆದರಿದ ಮಾಲೀಕರು 1999ರ ಒಪ್ಪಂದದಲ್ಲಿ ಒಬ್ಬ ಆಟಗಾರನ ಸಂಬಳಕ್ಕೂ ಮಿತಿ ಹಾಕಿದರು. ಇಂದು ಆಡಿದ ವರ್ಷಗಳಿಗೆ ತಕ್ಕಂತೆ ಕ್ಯಾಪ್‌ನ ಶೇ. 25, 30 ಅಥವಾ 35ರಷ್ಟೇ ಮೇಲ್ಮಿತಿ. ಹೀಗಿರುವಾಗ ತಾರೆಯೊಬ್ಬರು ಇನ್ನಷ್ಟು ಬಿಟ್ಟುಕೊಟ್ಟರೆ ಅದು ಕಡಿತದ ಮೇಲಿನ ಕಡಿತ.

ಬಿಟ್ಟುಕೊಟ್ಟವರ ಮಾತು ಬಂದಾಗ ಮೊದಲು ನೆನಪಾಗುವವರು ಸ್ಯಾನ್ ಆಂಟೋನಿಯೊದ ಟಿಮ್ ಡಂಕನ್. 2012ರಲ್ಲಿ, 36ನೇ ವಯಸ್ಸಿನಲ್ಲಿ, ವರ್ಷಕ್ಕೆ 2.1 ಕೋಟಿ ಡಾಲರ್ ಇದ್ದ ಸಂಬಳವನ್ನು ಒಂದು ಕೋಟಿಗೂ ಕೆಳಗಿಳಿಸಿಕೊಂಡರು. ಪತ್ರಿಕಾಗೋಷ್ಠಿಯಲ್ಲಿ ಎರಡು ಮಾತು ಹೆಚ್ಚು ಆಡದ ಮನುಷ್ಯ. ಇದರ ಬಗ್ಗೆಯೂ ಹೇಳಿಕೊಳ್ಳಲಿಲ್ಲ. ಆ ಬೇಸಿಗೆಯಲ್ಲಿ ತಂಡ ಬೋರಿಸ್ ಡಿಯಾ, ಡ್ಯಾನಿ ಗ್ರೀನ್ ಅವರನ್ನು ಉಳಿಸಿಕೊಂಡಿತು. ಮರುವರ್ಷದ ಫೈನಲ್ಸ್‌ನಲ್ಲಿ ಗ್ರೀನ್ 27 ಮೂರಂಕದ ಬುಟ್ಟಿ ಹಾಕಿ ಆಗಿನ ದಾಖಲೆ ಬರೆದರು.

ಆದರೂ ತಂಡ ಆ ಫೈನಲ್ಸ್ ಸೋತಿತು. ಏಳನೇ ಪಂದ್ಯ, ಕೊನೆಯ ನಿಮಿಷ, ಮಯಾಮಿ ಎದುರು ಎರಡೇ ಅಂಕಗಳ ಹಿನ್ನಡೆ. ಬುಟ್ಟಿಯ ಬುಡದಲ್ಲೇ ಚೆಂಡು ಡಂಕನ್ ಕೈಯಲ್ಲಿತ್ತು. ಅಂಥ ಹೊಡೆತಗಳನ್ನು ಅವರು ಸಾವಿರ ಸಲ ಹಾಕಿದವರು. ಅಂದು ತಪ್ಪಿತು, ಪುಟಿದ ಚೆಂಡನ್ನು ತಟ್ಟಿದ್ದೂ ತಪ್ಪಿತು. ಓಡಿ ಹಿಂದಕ್ಕೆ ಬಂದು ಎರಡೂ ಅಂಗೈಗಳಿಂದ ನೆಲಕ್ಕೆ ಬಾರಿಸಿದರು. ಇಡೀ ವೃತ್ತಿಬದುಕಿನಲ್ಲಿ ಮುಖದ ಗೆರೆ ಬದಲಿಸದವರ ಆ ಒಂದು ಏಟು ನೋಡಿದವರ ಮನಸ್ಸಿನಲ್ಲಿ ಉಳಿದಿದೆ. 2014ರಲ್ಲಿ ಅದೇ ತಂಡ ಅದೇ ಮಯಾಮಿಯನ್ನು 4-1ರಿಂದ ಮಣಿಸಿತು. ಡಂಕನ್‌ಗೆ ಅದು ಐದನೇ ಪ್ರಶಸ್ತಿ. ಮರುವರ್ಷ ಲಮಾರ್ಕಸ್ ಆಲ್ಡ್ರಿಜ್ ಬರಲೆಂದು ಅವರು ಸಂಬಳವನ್ನು ಮತ್ತೂ ಅರ್ಧಕ್ಕೆ ಇಳಿಸಿಕೊಂಡರು.

ಎಲ್ಲರ ತ್ಯಾಗಕ್ಕೂ ಇಂಥ ಫಲ ಸಿಗುವುದಿಲ್ಲ. 2014ರಲ್ಲಿ ಡಲ್ಲಾಸ್‌ನ ಡರ್ಕ್ ನೊವಿಟ್ಸ್ಕಿ ಲೇಕರ್ಸ್ ಮತ್ತು ಹ್ಯೂಸ್ಟನ್ ತಂಡಗಳ ಗರಿಷ್ಠ ಸಂಬಳದ ಆಹ್ವಾನಗಳನ್ನು ಬದಿಗೊತ್ತಿ, ಮೂರು ವರ್ಷಕ್ಕೆ ಒಟ್ಟು 2.5 ಕೋಟಿ ಡಾಲರ್‌ಗೆ ತಮ್ಮ ಊರಿನ ತಂಡದಲ್ಲೇ ಉಳಿದರು. ಮಿಕ್ಕ ಹಣದಲ್ಲಿ ಡಲ್ಲಾಸ್ ಚಾಂಡ್ಲರ್ ಪಾರ್ಸನ್ಸ್ ಅವರನ್ನು 4.6 ಕೋಟಿಗೆ ಕರೆತಂದಿತು. ಪಾರ್ಸನ್ಸ್ ಮೊಣಕಾಲು ಕೈಕೊಟ್ಟಿತು. ಅವರಿದ್ದ ಎರಡೂ ವರ್ಷ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಪಾರ್ಸನ್ಸ್ ಬೇರೆ ತಂಡ ಸೇರಿದರು. ಡರ್ಕ್ ಕೊಟ್ಟದ್ದು ಕೊಟ್ಟಂತೆಯೇ ಆಯಿತು. 2016ರಲ್ಲಿ ಮಾಲೀಕ ಮಾರ್ಕ್ ಕ್ಯೂಬನ್ ವರ್ಷಕ್ಕೆ 2.5 ಕೋಟಿಯ ಒಪ್ಪಂದ ಕೊಟ್ಟು ಋಣ ತೀರಿಸಿದರೆ, ಮರುವರ್ಷ ಡರ್ಕ್ ಅದನ್ನೂ ಬಿಟ್ಟು 50 ಲಕ್ಷಕ್ಕೆ ಒಪ್ಪಿದರು!

ಡಲ್ಲಾಸ್ ಕ್ರೀಡಾಂಗಣದ ಹೊರಗೆ ಇಂದು ಅವರ ಬಿಳಿ ಪ್ರತಿಮೆ ಇದೆ, ಒಂಟಿಕಾಲಲ್ಲಿ ಹಿಂದಕ್ಕೆ ವಾಲಿ ಚೆಂಡೆಸೆಯುವ ಭಂಗಿ. ಪೀಠದ ಮೇಲೆ ನಿಷ್ಠೆ ಎಂದೂ ಮಾಸದು ಎಂಬರ್ಥದ ಬರಹ. 2025ರ ಫೆಬ್ರವರಿಯಲ್ಲಿ ತಂಡ ತನ್ನ ಹೊಸ ತಾರೆ ಲೂಕಾ ಡಾನ್ಚಿಚ್ ಅವರನ್ನು ಏಕಾಏಕಿ ಲೇಕರ್ಸ್‌ಗೆ ಕೊಟ್ಟುಬಿಟ್ಟಾಗ, ಸಿಟ್ಟು ದುಃಖ ತುಂಬಿದ ಅಭಿಮಾನಿಗಳು ಬಂದು ನೆರೆದದ್ದು ಈ ಕ್ರೀಡಾಂಗಣದ ಮುಂದೆಯೇ. ಆ ವಿನಿಮಯದಿಂದ, ಡಲ್ಲಾಸ್‌ನಲ್ಲೇ ಉಳಿದಿದ್ದರೆ ಐದು ವರ್ಷಕ್ಕೆ ಸಿಗಬಹುದಾಗಿದ್ದ ಸುಮಾರು 34.5 ಕೋಟಿ ಡಾಲರ್‌ಗಳ ಒಪ್ಪಂದದ ಅರ್ಹತೆಯನ್ನೂ ಡಾನ್ಚಿಚ್ ಕಳೆದುಕೊಂಡರು. ಅವರನ್ನು ಯಾರೂ ಕೇಳಿರಲಿಲ್ಲ.

ಆಟಗಾರನಿಗೆ ತನ್ನ ತ್ಯಾಗಕ್ಕೆ ಪ್ರತಿಯಾಗಿ ಲಿಖಿತ ಭರವಸೆ ಪಡೆಯುವ ಹಕ್ಕಿಲ್ಲ ಎಂಬುದು ಈ ವ್ಯವಹಾರದ ಅತ್ಯಂತ ನೋವಿನ ಭಾಗ. ಈಗ ಕಡಿಮೆ ತಗೋ, ಆಮೇಲೆ ನೋಡಿಕೊಳ್ಳುತ್ತೇವೆ ಎನ್ನುವುದು ಕ್ಯಾಪ್ ನಿಯಮದ ಪ್ರಕಾರ ಅಪರಾಧ. ಮಿನ್ನೆಸೋಟ ತಂಡ ಜೋ ಸ್ಮಿತ್ ಎಂಬ ಆಟಗಾರನಿಗೆ ಅಗ್ಗದ ಒಂದೊಂದು ವರ್ಷದ ಒಪ್ಪಂದಗಳನ್ನು ಕೊಟ್ಟು, ಬರ್ಡ್ ಹಕ್ಕು ಬಂದ ಮೇಲೆ 8.6 ಕೋಟಿ ಡಾಲರ್‌ವರೆಗೆ ಕೊಡುವುದಾಗಿ ಗುಟ್ಟಾಗಿ ಬರೆದುಕೊಟ್ಟಿತ್ತು. 2000ದಲ್ಲಿ ಅದು ಬಯಲಾಯಿತು. ಲೀಗ್ ತಂಡಕ್ಕೆ 35 ಲಕ್ಷ ಡಾಲರ್ ದಂಡ ಹಾಕಿ, ಐದು ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳನ್ನು ಕಿತ್ತುಕೊಂಡಿತು. ಶಿಕ್ಷೆಯನ್ನು ನಂತರ ಕೊಂಚ ಇಳಿಸಿದರೂ ತಂಡ ಚೇತರಿಸಿಕೊಳ್ಳಲು ಕಾಲ ಬೇಕಾಯಿತು. ಅಲ್ಲಿಂದೀಚೆಗೆ ಉಳಿದಿರುವುದು ನಂಬಿಕೆಯೊಂದೇ.

ಆ ನಂಬಿಕೆ ಮುರಿಯುವುದೂ ಉಂಟು. ಮಯಾಮಿಯ ಡ್ವೇನ್ ವೇಡ್ 2010ರಲ್ಲಿ ಲೆಬ್ರಾನ್ ಜೇಮ್ಸ್, ಕ್ರಿಸ್ ಬಾಷ್ ಜತೆಗೂಡಿ ಆಡಲು ಮೂವರಲ್ಲೇ ಅತಿ ಕಡಿಮೆ ಸಂಬಳ ಒಪ್ಪಿಕೊಂಡರು. ಉಳಿದ ಹಣದಲ್ಲಿ ಗೆಳೆಯ ಯುಡೋನಿಸ್ ಹ್ಯಾಸ್ಲಮ್ ತಂಡದಲ್ಲೇ ಉಳಿದರು. ಅವರೂ ಹೊರಗಿನ ದೊಡ್ಡ ಮೊತ್ತಕ್ಕೆ ಬೆನ್ನು ಹಾಕಿದ್ದವರೇ. 2012, 2013ರಲ್ಲಿ ಪ್ರಶಸ್ತಿಗಳು ಬಂದವು. 2014ರಲ್ಲಿ ಇನ್ನೂ ಎರಡು ವರ್ಷ ಬಾಕಿಯಿದ್ದ ಸುಮಾರು 4.2 ಕೋಟಿಯ ಒಪ್ಪಂದವನ್ನು ತಂಡಕ್ಕಾಗಿ ವೇಡ್ ಕೈಬಿಟ್ಟರು. ಆದರೂ ಲೆಬ್ರಾನ್ ಕ್ಲೀವ್‌ಲ್ಯಾಂಡಿಗೆ ಹೊರಟುಹೋದರು. 2016ರಲ್ಲಿ ತಮ್ಮ ಪಾಲು ಕೇಳುವ ಹೊತ್ತು ಬಂದಾಗ ಮಯಾಮಿ ಕೈ ಬಿಗಿಹಿಡಿಯಿತು. ಹದಿಮೂರು ವರ್ಷ ಆಡಿದ ಊರು ಬಿಟ್ಟು ವೇಡ್ ಶಿಕಾಗೊ ಸೇರಿದರು.

ಫಿಲಡೆಲ್ಫಿಯಾದಲ್ಲಿ ಜೇಮ್ಸ್ ಹಾರ್ಡನ್ 2022ರಲ್ಲಿ 4.7 ಕೋಟಿಯ ಬದಲು 3.3 ಕೋಟಿಗೆ ಆಡಿದರು, ಪಿಜೆ ಟಕರ್ ಬರಲು ಜಾಗವಾಯಿತು. ಮರುವರ್ಷವೇ ಸಂಬಂಧ ಹಳಸಿ, ತಂಡದ ಅಧ್ಯಕ್ಷ ಡ್ಯಾರಿಲ್ ಮೋರಿಯನ್ನು ಹಾರ್ಡನ್ ಬಹಿರಂಗವಾಗಿ ಸುಳ್ಳುಗಾರ ಎಂದರು. ತನ್ನನ್ನು ಬೇರೆ ತಂಡಕ್ಕೆ ಕಳಿಸುವ ವಿಷಯದಲ್ಲಿ ಮಾತು ತಪ್ಪಿದರೆಂಬುದು ಅವರ ದೂರು. ಲೀಗ್ ಒಂದು ಲಕ್ಷ ಡಾಲರ್ ದಂಡ ಹಾಕಿತು.

ಹಾಗಾದರೆ ಬಿಟ್ಟುಕೊಟ್ಟ ಹಣ ಕೊನೆಗೆ ಯಾರ ಜೇಬು ಸೇರುತ್ತದೆ? ಲೀಗ್‌ನ ಬಾಸ್ಕೆಟ್‌ಬಾಲ್ ಆದಾಯದಲ್ಲಿ ಸುಮಾರು ಅರ್ಧ ಆಟಗಾರರಿಗೆಂದು ಒಪ್ಪಂದದಲ್ಲೇ ನಿಗದಿಯಾಗಿದೆ. ಒಟ್ಟು ಸಂಬಳ ಅದಕ್ಕಿಂತ ಕಡಿಮೆ ಬಿದ್ದರೆ ಕೊರತೆಯನ್ನು ಆಟಗಾರರಿಗೇ ಹಂಚಬೇಕು. ಹಾಗಾಗಿ ಲೀಗ್ ಮಟ್ಟದಲ್ಲಿ ಒಬ್ಬ ಬಿಟ್ಟದ್ದು ಬಹುಪಾಲು ಇನ್ನೊಬ್ಬ ಆಟಗಾರನಿಗೇ ಹೋಗುತ್ತದೆ. ಆದರೆ ಆ ತಂಡದ ಮಾಲೀಕನಿಗೆ ತೆರಿಗೆ ಉಳಿಯುತ್ತದೆ, ಗೆದ್ದರೆ ತಂಡದ ಬೆಲೆಯೂ ಏರುತ್ತದೆ. ಕ್ಯೂಬನ್ 2000ದಲ್ಲಿ 28.5 ಕೋಟಿ ಡಾಲರ್‌ಗೆ ಕೊಂಡ ಡಲ್ಲಾಸ್ ತಂಡದ ಬಹುಪಾಲನ್ನು 2023ರಲ್ಲಿ ಮಾರಿದಾಗ ಅದರ ಬೆಲೆ ಸುಮಾರು 350 ಕೋಟಿ. ಆ ಏರಿಕೆಯ ಹೆಚ್ಚಿನ ಕಾಲ ಅಂಗಳದಲ್ಲಿದ್ದವರು ಡರ್ಕ್. ಅಭಿಮಾನಿಗಳು ಆಟಗಾರನಿಗೆ ಸಂಬಳ ಇಳಿಸಿಕೋ ಎನ್ನುವಾಗ ಈ ಅಂಕಿಯನ್ನೂ ಎದುರಿಗಿಟ್ಟುಕೊಳ್ಳಬೇಕು. ತಾನಾಗಿ ಕೊಟ್ಟದ್ದು ದೊಡ್ಡತನ. ಕೊಡಲೇಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ಬ್ರನ್ಸನ್ ಕೊಟ್ಟದ್ದಕ್ಕೆ ಮೊದಲ ಫಲ ಬೇಗನೇ ಬಂತು. 2025ರಲ್ಲಿ ಬಾಸ್ಟನ್ ತಂಡವನ್ನು ಮಣಿಸಿದ ನಿಕ್ಸ್ 25 ವರ್ಷಗಳ ನಂತರ ಪೂರ್ವ ವಲಯದ ಫೈನಲ್ ತಲುಪಿತು. ಅಲ್ಲಿ ಇಂಡಿಯಾನಾ ಎದುರು ಆರು ಪಂದ್ಯಗಳಲ್ಲಿ ಸೋತರೂ ಊರಿನ ಬೀದಿಗಳು ಆ ವಸಂತದಲ್ಲಿ ನೀಲಿ-ಕಿತ್ತಳೆ ಬಣ್ಣದಲ್ಲಿ ಮುಳುಗಿದ್ದವು. ಆ ಆಗಸ್ಟ್‌ನಲ್ಲಿ ಬ್ರಿಜಸ್ ಕೂಡ ಗರಿಷ್ಠಕ್ಕಿಂತ ಸುಮಾರು 60 ಲಕ್ಷ ಡಾಲರ್ ಕಡಿಮೆಗೆ, ನಾಲ್ಕು ವರ್ಷಗಳಿಗೆ 15 ಕೋಟಿಗೆ ಸಹಿ ಹಾಕಿದರು. ಬ್ರನ್ಸನ್ ಒಪ್ಪಂದದ ಕೊನೆಯ ವರ್ಷ ಅವರ ಇಚ್ಛೆಗೆ ಬಿಟ್ಟದ್ದು. 2028ರ ಬೇಸಿಗೆಯಲ್ಲಿ ಅದರಿಂದ ಹೊರಬಂದು ಹೊಸ ಒಪ್ಪಂದ ಕೇಳಬಹುದು. ಅಷ್ಟು ಹೊತ್ತಿಗೆ ಅವರ ಪಾಲಿನ ಗರಿಷ್ಠ ಮೊತ್ತ ಐದು ವರ್ಷಕ್ಕೆ 40 ಕೋಟಿ ಡಾಲರ್ ದಾಟಬಹುದೆಂಬ ಅಂದಾಜಿದೆ. ಆಗ ಅವರಿಗೆ 32 ತುಂಬುತ್ತಿರುತ್ತದೆ. ಅಂದು ಮೇಜಿನ ಆಚೆ ಕೂರುವ ನಿಕ್ಸ್ ಅಧಿಕಾರಿಗಳ ಕೈಯಲ್ಲಿ 2024ರ ಜುಲೈನ ಯಾವ ಬರಹವೂ ಇರುವುದಿಲ್ಲ, ಇರುವಂತೆಯೂ ಇಲ್ಲ.