ಮತಾಂತರಕ್ಕೆ ಮುನ್ನ ಮೂವತ್ತು ದಿನ

ಪ್ರಶ್ನೆ: ಧರ್ಮವನ್ನು ಬದಲಿಸಬಯಸುವವನು ಸರಕಾರದ ಅಪ್ಪಣೆ ಪಡೆಯಬೇಕೆ? ಅವನ ಮೀಸಲಾತಿಯ ಗತಿಯೇನು?
— ಶಹಾಪುರದ ಓದುಗರೊಬ್ಬರು

ಉತ್ತರ: ಬುದ್ಧನೇ ಪವಡಿಸಿರುವನೋ ಎಂಬಂತೆ ತೋರುವ ಬೆಟ್ಟವನ್ನು ನಿತ್ಯವೂ ಕಾಣುವ ತಮಗೆ ಈ ಸಂದೇಹ ಮೂಡಿದುದು ಸಹಜವೇ ಸರಿ. ಅಂತಃಕರಣದ ಸ್ವಾತಂತ್ರ್ಯವನ್ನು ಸಂವಿಧಾನದ 25ನೆಯ ಅನುಚ್ಛೇದವು ದಯಪಾಲಿಸಿದೆಯಾದರೂ, ಕರ್ನಾಟಕದ 2022ರ ಕಾಯಿದೆಯು, ಮತಾಂತರವನ್ನು ಬಯಸುವವನು 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕೆಂದೂ, ಅಧಿಕಾರಿಯು ಅದನ್ನು ಸೂಚನಾಫಲಕದಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕೆಂದೂ, ಮತಾಂತರಾನಂತರ ಇನ್ನೊಂದು ಘೋಷಣೆ ಬೇಕೆಂದೂ ವಿಧಿಸಿತು. ಹೆಸರಿಗೆ ಇದು ಅಪ್ಪಣೆಯಲ್ಲ. ಆದರೆ ಹೆತ್ತವರಿಗೂ ಅರುಹದೆ ಎದೆಯಲ್ಲಿರಿಸಿಕೊಂಡ ನಿಶ್ಚಯವು ತಹಸೀಲ್ದಾರರ ಕಚೇರಿಯ ಗೋಡೆಯ ಮೇಲೆ ಊರೆಲ್ಲ ಓದುವಂತೆ ತೂಗತೊಡಗಿದಾಗ, ಅದನ್ನು ಬರಿಯ ತಿಳಿವಳಿಕೆಯೆನ್ನಲು ನನ್ನ ನಾಲಗೆ ಏಳದು. ತನ್ನ ಹಿಂದಿನ ಮತಕ್ಕೆ ಮರಳುವವನಿಗೆ ಮಾತ್ರ ಈ ಕಟ್ಟಳೆಯಿಲ್ಲವೆಂಬುದು ಸೋಜಿಗ! 2023ರ ಜೂನಿನಲ್ಲಿ ಸಚಿವ ಸಂಪುಟವು ಈ ಕಾಯಿದೆಯನ್ನು ಹಿಂಪಡೆಯಲು ನಿರ್ಧರಿಸಿತು. ಆದರೆ ಶಾಸನವನ್ನು ಅಳಿಸುವುದು ಸಂಪುಟದ ನಿರ್ಧಾರವಲ್ಲ, ಶಾಸಕಾಂಗದ ಕಾರ್ಯ.

ಇನ್ನು ಮೀಸಲಾತಿಯ ಮಾತು. 2022ರ ಅಕ್ಟೋಬರ್ 14ರಂದು, ಅಂದರೆ 1956ರಲ್ಲಿ ಅಂಬೇಡ್ಕರರು ನಾಗಪುರದಲ್ಲಿ ದೀಕ್ಷೆ ಪಡೆದ ದಿನಾಂಕದಂದೇ, ಸುರಪುರದಲ್ಲಿ ನಾನೂರಕ್ಕೂ ಮಿಕ್ಕ ದಲಿತರು ಬೌದ್ಧಧರ್ಮವನ್ನು ಸ್ವೀಕರಿಸಿದರು. ಅಂಥವರ ಮೀಸಲಾತಿ ಅಳಿಯದು. ಪರಿಶಿಷ್ಟ ಜಾತಿಗಳ 1950ರ ಆದೇಶಕ್ಕೆ 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರ್ಪಡೆಗೊಂಡರು. ಕ್ರೈಸ್ತ ಅಥವಾ ಇಸ್ಲಾಂ ಮತವನ್ನು ಸೇರುವ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನ ತಪ್ಪುತ್ತದೆ. ಪರಿಶಿಷ್ಟ ಪಂಗಡದ ಆದೇಶದಲ್ಲಿಯೋ ಮತದ ನಿರ್ಬಂಧವೇ ಇಲ್ಲ. ಹೀಗಾಗಿ ಸುರಪುರದ ಒಂದೇ ಓಣಿಯ ದಲಿತನೂ ಪರಿಶಿಷ್ಟ ಪಂಗಡದ ನಾಯಕ ಸಮುದಾಯದವನೂ ಒಂದೇ ಇಗರ್ಜಿಯನ್ನು ಹೊಕ್ಕರೂ, ಪ್ರಮಾಣಪತ್ರ ಕಳೆದುಕೊಳ್ಳುವ ಭಯ ಮೊದಲನೆಯವನದು.